ಬಸ್ಸು ಹತ್ತಿದೊಡನೆ ಎದೆ ಡವಡವ: ಕೌನ್ಸೆಲಿಂಗ್‌ನಲ್ಲಿ ಏನಾಗುತ್ತದೆ?

ಪತ್ರ: ಬೆಟಗೇರಿಯಿಂದ ದಿನಾ ಹುಬ್ಬಳ್ಳಿಗೆ ಬಸ್ಸಿನಲ್ಲಿ ಕೆಲಸಕ್ಕೆ ಹೋಗುತ್ತೇನೆ. ನಾಲ್ಕು ತಿಂಗಳಿಂದ ಬಸ್ಸು ಹತ್ತಿದರೆ ಎದೆ ಡವಡವ, ಕೈಬೆವರು, ಈಗಲೇ ಸತ್ತೆನೆಂಬ ಹೆದರಿಕೆ. ಎರಡು ಸಲ ಅಣ್ಣಿಗೇರಿಯಲ್ಲೇ ಇಳಿದುಬಿಟ್ಟೆ. ಇಸಿಜಿ ಸರಿಯಿದೆ, ‘ಕೌನ್ಸೆಲಿಂಗ್‌ಗೆ ಹೋಗಿ’ ಅಂದರು ಡಾಕ್ಟರು. ಅಲ್ಲಿ ಏನು ಮಾಡುತ್ತಾರೆ? ಗುಳಿಗೆ ಜೀವನಪೂರ್ತಿಯೇ? ಅತ್ತೆಯವರಿಗೆ ಗೊತ್ತಾಗುತ್ತದೆಯೇ? (ಹೆಸರು ಬೇಡ)

ಸಂಪಾದಕರ ಉತ್ತರ:

ಕೊನೆಯ ಪ್ರಶ್ನೆಯನ್ನೇ ಮೊದಲು ನೋಡೋಣ. ಬಹಳ ಜನ ಹೋಗದೆ ಉಳಿಯುವುದು ಅದರಿಂದಲೇ. ನೀವು ಹೇಳಿದ್ದನ್ನು ಗುಟ್ಟಾಗಿ ಇಡಬೇಕೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೇ ಹೇಳುತ್ತದೆ. ಪ್ರಾಣಕ್ಕೆ ಅಪಾಯವಿದ್ದಾಗ, ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಾಗ, ನ್ಯಾಯಾಲಯ ಕೇಳಿದಾಗ, ಇಂಥ ಕೆಲವು ಸಂದರ್ಭಗಳಲ್ಲಿ ಮಾತ್ರ ಬೇರೆ ಮಾತು. ಅತ್ತೆಯವರು ಜೊತೆಗೆ ಬಂದು ‘ನಾನೂ ಒಳಗ ಕೂಡ್ತೀನಿ’ ಅಂದರೆ, ಮೊದಲ ಹತ್ತು ನಿಮಿಷ ಕೂಡಲಿ, ಆಮೇಲೆ ನಾನೊಬ್ಬಳೇ ಮಾತಾಡಬೇಕು ಎಂದು ಸಮಾಲೋಚಕರಿಗೆ ಮೊದಲೇ ತಿಳಿಸಿ. ಹೊರಗೆ ಕಳಿಸುವ ಕೆಲಸ ಅವರೇ ಮಾಡುತ್ತಾರೆ. ಬಾಗಿಲು ಹಾಕಿಕೊಳ್ಳಲು ಸ್ವಂತ ಕೋಣೆ ಇಲ್ಲದ ಮನೆಯಾದರೆ ವಿಡಿಯೋ ಕೌನ್ಸೆಲಿಂಗ್ ಬೇಡವೇ ಬೇಡ.

ಮೊದಲ ಭೇಟಿ ಸಾಮಾನ್ಯವಾಗಿ 45ರಿಂದ 60 ನಿಮಿಷ. ಅದು ಚಿಕಿತ್ಸೆಗಿಂತ ಹೆಚ್ಚಾಗಿ ವಿಚಾರಣೆ: ಯಾವಾಗ ಶುರುವಾಯಿತು, ಎಷ್ಟು ಹೊತ್ತು ಇರುತ್ತದೆ, ನಿದ್ದೆ, ಊಟ, ಚಹಾ ಎಷ್ಟು ಕಪ್, ಮುಟ್ಟಿನ ದಿನಗಳು, ಮನೆಯಲ್ಲಿ ಯಾರಿಗಾದರೂ ಹೀಗಿತ್ತೇ, ಸಾಯುವ ಯೋಚನೆ ಬಂದಿದೆಯೇ. ಈ ಕೊನೆಯದನ್ನು ಎಲ್ಲರಿಗೂ ಕೇಳುತ್ತಾರೆ, ಗಾಬರಿ ಬೇಡ. ಇಸಿಜಿ, ಥೈರಾಯ್ಡ್ ವರದಿ, ನುಂಗುತ್ತಿರುವ ಗುಳಿಗೆಗಳ ಪಟ್ಟಿ ಒಯ್ಯಿರಿ. ಥೈರಾಯ್ಡ್ ಹೆಚ್ಚಾದರೂ ಎದೆ ಹೀಗೇ ಹೊಡೆದುಕೊಳ್ಳುತ್ತದೆ. ಆ ಪರೀಕ್ಷೆ ಆಗಿರದಿದ್ದರೆ ಮೊದಲು ಮಾಡಿಸಿ.

ನೀವು ವಿವರಿಸಿದ ಲಕ್ಷಣ ಪ್ಯಾನಿಕ್ ಅಟ್ಯಾಕ್‌ನಂತೆ (ಒಮ್ಮೆಲೇ ನುಗ್ಗಿ ಬರುವ ವಿಪರೀತ ಹೆದರಿಕೆ) ಕಾಣುತ್ತದೆ. ಖಚಿತಪಡಿಸಬೇಕಾದವರು ನಿಮ್ಮನ್ನು ನೋಡುವ ತಜ್ಞರೇ. ಇದು ಬಹುಪಾಲು ಹತ್ತು ನಿಮಿಷದೊಳಗೆ ಏರಿ, ತಾನಾಗಿ ಇಳಿಯುತ್ತದೆ. ಆದರೆ ಏರುತ್ತಿರುವಾಗಲೇ ನೀವು ಅಣ್ಣಿಗೇರಿಯಲ್ಲಿ ಇಳಿದಿರಿ, ಹಾಯೆನಿಸಿತು. ‘ಇಳಿದದ್ದಕ್ಕೇ ಬದುಕಿದೆ’ ಎಂದು ಮನಸ್ಸು ಲೆಕ್ಕ ಬರೆದುಕೊಂಡಿತು. ಹೆದರಿಕೆ ಬಲಿಯುವುದೇ ಹೀಗೆ. ಈ ಲೆಕ್ಕವನ್ನು ಮೆಟ್ಟಿಲು ಮೆಟ್ಟಿಲಾಗಿ ಅಳಿಸುವುದೇ ಸಮಾಲೋಚಕರ ಕೆಲಸ. ಮೊದಲು ಕೋಣೆಯಲ್ಲೇ ಒಂದು ನಿಮಿಷ ಜೋರಾಗಿ ಉಸಿರಾಡಿಸಬಹುದು, ಇಲ್ಲವೇ ಮೆಟ್ಟಿಲು ಹತ್ತಿಸಬಹುದು. ಎದೆ ಹೊಡೆದುಕೊಂಡರೂ ಏನೂ ಆಗುವುದಿಲ್ಲ ಎಂದು ಮೈಗೆ ಗೊತ್ತಾಗಲಿ ಎಂದು. ಆಮೇಲೆ ನಿಂತ ಬಸ್ಸಿನಲ್ಲಿ ಕೂಡುವುದು, ಗಂಡನೋ ಗೆಳತಿಯೋ ಜೊತೆಗಿದ್ದು ಹುಲಕೋಟಿವರೆಗೆ, ಒಬ್ಬರೇ ಅಣ್ಣಿಗೇರಿವರೆಗೆ, ಕೊನೆಗೆ ಬೆಳಗಿನ ಗದ್ದಲದ ಬಸ್ಸಿನಲ್ಲಿ ಹುಬ್ಬಳ್ಳಿ. ಪ್ರತಿ ಸಲ ಹೆದರಿಕೆಗೆ ನೂರಕ್ಕೆ ಎಷ್ಟು ಅಂಕ ಎಂದು ನೋಟ್‌ಬುಕ್ಕಿನಲ್ಲಿ ಬರೆಯಬೇಕು: ‘ಹತ್ತುವಾಗ 80, ಹುಲಕೋಟಿ ದಾಟಿದಾಗ 85, ಇಳಿಯುವಾಗ 40’. ಈ ಹೋಂವರ್ಕ್ ಮಾಡದೆ ವಾರಕ್ಕೊಮ್ಮೆ ಹೋಗಿ ಮಾತಾಡಿ ಬಂದರೆ ದುಡ್ಡು ದಂಡ.

ಮೊದಲ ವಾರಗಳಲ್ಲಿ ಹೆದರಿಕೆ ಹೆಚ್ಚಾದಂತೆಯೇ ಅನ್ನಿಸಬಹುದು. ತಪ್ಪಿಸಿಕೊಂಡಿದ್ದನ್ನು ಎದುರಿಸುತ್ತಿರುತ್ತೀರಲ್ಲ. ಬಹಳಷ್ಟು ಜನ ಕೈಬಿಡುವುದು ಇಲ್ಲೇ. ಬಿಡುವ ಮೊದಲು ‘ನನಗೆ ಇದು ಒಗ್ಗುತ್ತಿಲ್ಲ’ ಎಂದು ಅವರ ಮುಖಕ್ಕೇ ಹೇಳಿ. ಒಳ್ಳೆಯವರು ಸಿಟ್ಟಾಗದೆ ದಾರಿ ಬದಲಿಸುತ್ತಾರೆ. ಇಂಥ ತೊಂದರೆಗೆ ವಾರಕ್ಕೊಂದರಂತೆ ಸುಮಾರು 8ರಿಂದ 15 ಭೇಟಿ ಸಾಕಾಗುವುದು ವಾಡಿಕೆ. ‘ಒಂದೇ ಸಿಟ್ಟಿಂಗ್‌ನಲ್ಲಿ ಗುಣ’ ಅನ್ನುವವರನ್ನೂ, ‘ಮಗು ಮಾಡಿಕೊಳ್ಳಿ, ಎಲ್ಲಾ ಸರಿಹೋಗುತ್ತೆ’ ಎಂದು ಉಪದೇಶ ಕೊಡುವವರನ್ನೂ ಬಿಟ್ಟುಬಿಡಿ.

ಗುಳಿಗೆ ಬರೆಯುವವರು ಮನೋವೈದ್ಯರು, ಸಮಾಲೋಚಕರಲ್ಲ. ಬೇಕಾದರೆ ಅವರಲ್ಲಿಗೆ ಕಳಿಸುತ್ತಾರೆ. ಆತಂಕಕ್ಕೆ ದಿನವೂ ಕೊಡುವ ಗುಳಿಗೆ ಹಿಡಿತಕ್ಕೆ ಬರಲು ಎರಡರಿಂದ ನಾಲ್ಕು ವಾರ ಬೇಕು. ಆರಾಮಾದ ಮೇಲೂ ಕೆಲವು ತಿಂಗಳು ಮುಂದುವರಿಸಿ, ನಿಧಾನವಾಗಿ ಇಳಿಸುತ್ತಾರೆ, ಜೀವನಪೂರ್ತಿ ಇರಲೇಬೇಕೆಂದಿಲ್ಲ. ನೀವಾಗಿ ಒಮ್ಮೆಲೇ ನಿಲ್ಲಿಸಬೇಡಿ. ಪರಿಚಯದ ಮೆಡಿಕಲ್ ಶಾಪ್‌ನಿಂದ ‘ನಿದ್ದೆ ಗುಳಿಗೆ’ ತಂದು ನುಂಗುವುದಂತೂ ಬೇಡ, ಅದು ಚಟ ಹಿಡಿಯುತ್ತದೆ.

ಎಲ್ಲಿಗೆ ಹೋಗುವುದು? ಧಾರವಾಡದ ಸರ್ಕಾರಿ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ನಲ್ಲಿ ಮನೋವೈದ್ಯರೂ ಮನಶ್ಶಾಸ್ತ್ರಜ್ಞರೂ ಒಂದೇ ಕಡೆ ಸಿಗುತ್ತಾರೆ. ಜನ ಜಾಸ್ತಿ, ಮೊದಲ ದಿನ ರಜೆ ಹಾಕಿಯೇ ಹೋಗಿ. ಖಾಸಗಿಯಾದರೆ ಫೋನಿನಲ್ಲೇ ಕೇಳಿ: ಓದಿದ್ದು ಏನು, ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ ಇದೆಯೇ (ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಹೇಳಿಕೊಂಡರೆ ಇರಲೇಬೇಕು), ಪ್ಯಾನಿಕ್‌ಗೆ ಏನು ಮಾಡಿಸುತ್ತೀರಿ, ಫೀಸು ಎಷ್ಟು, ಬರಲಾಗದಿದ್ದರೆ ಎಷ್ಟು ಮೊದಲು ತಿಳಿಸಬೇಕು. ಅಪಾಯಿಂಟ್‌ಮೆಂಟ್ ಸಿಗುವವರೆಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಪುಕ್ಕಟೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.