ಧ್ರುವತಾರೆ ಮುಳುಗುವುದಿಲ್ಲ

ನಾಪೋಕ್ಲಿನ ಗೆಳೆಯರಿಗೆ ನಮಸ್ಕಾರ.

ಹಿರಿಯ ನಟ ಕೆ.ಎಸ್. ಅಶ್ವಥ್ ಅವರ ಬಗ್ಗೆ ನೀವು ಕಳಿಸಿದ ಒಂಬತ್ತು ಪುಟದ ಲೇಖನ ಕೈಸೇರಿತು. ಎರಡು ಸಲ ಓದಿದೆ. ಅಕ್ಷರ ಚೆನ್ನಾಗಿದೆ, ಇಸವಿಗಳು ಸರಿ ಇವೆ, ತುಂಬಾ ಓಡಾಡಿ ವಿಷಯ ಕೂಡಿಸಿದ್ದೀರಿ. ಹೊಗಳಿಕೆ ಇಲ್ಲಿಗೆ ಮುಗಿಯಿತು. ಇನ್ನು ಜಗಳ.

ನಿಮ್ಮ ಮೊದಲ ವಾಕ್ಯ: "ಕನ್ನಡ ಚಿತ್ರರಂಗವೆಂಬ ನಭೋಮಂಡಲದ ಧ್ರುವತಾರೆ, ಅಪೂರ್ವ ಪ್ರತಿಭೆಯ ಆದರ್ಶ ನಟ ಅಶ್ವಥ್ 2010ರ ಜನವರಿ 18ರಂದು ಮೈಸೂರಿನಲ್ಲಿ ಅಸ್ತಂಗತರಾದರು."

ಧ್ರುವತಾರೆ ಮುಳುಗುವುದಿಲ್ಲ ಮಾರಾಯ್ರೆ. ಅಲ್ಲಾಡದೆ ನಿಂತಲ್ಲೇ ನಿಂತಿರುತ್ತದೆ ಅಂತಲೇ ಅದಕ್ಕೆ ಆ ಹೆಸರು. ಇದನ್ನು ನೀವು ಆಕಾಶ ನೋಡಿ ಬರೆದಿಲ್ಲ, ಯಾವುದೋ ಶ್ರದ್ಧಾಂಜಲಿ ಬ್ಯಾನರ್ ನೋಡಿ ಬರೆದಿದ್ದೀರಿ. ನಮ್ಮ ಕೊಡಗಿನ ಮಳೆ ತಿಂಗಳು ಕಕ್ಕಡದಲ್ಲಿ ಕೂತು ಬರೆದಿರಬೇಕು, ಆಗ ನಮ್ಮ ಕಡೆ ಯಾವ ನಕ್ಷತ್ರ ತಾನೇ ಕಾಣುತ್ತದೆ!

ಧ್ರುವತಾರೆ, ಅಪೂರ್ವ, ಆದರ್ಶ ಎಲ್ಲ ತೆಗೆದರೆ ಆ ವಾಕ್ಯದಲ್ಲಿ ಉಳಿಯುವುದು ಒಂದು ತಾರೀಕು, ಒಂದು ಊರು. ಅದನ್ನೇ ಸ್ವಲ್ಪ ಹೊತ್ತು ನೋಡಿ. ಅದಕ್ಕೆ ಹತ್ತೊಂಬತ್ತು ದಿನ ಮೊದಲು, 2009ರ ಡಿಸೆಂಬರ್ 30ರಂದು, ವಿಷ್ಣುವರ್ಧನ್ ತೀರಿಕೊಂಡರು. ಅವರೂ ಮೈಸೂರಿನಲ್ಲೇ. 1972ರ ‘ನಾಗರಹಾವು’ ಚಿತ್ರದಲ್ಲಿ ಅಶ್ವಥ್ ಮಾಡಿದ ಚಾಮಯ್ಯ ಮೇಷ್ಟ್ರು ಬೆಟ್ಟದಿಂದ ಮೊದಲು ಬೀಳುತ್ತಾರೆ, ವಿಷ್ಣುವರ್ಧನ್ ಮಾಡಿದ ಶಿಷ್ಯ ರಾಮಾಚಾರಿ ಆಮೇಲೆ ಹಾರುತ್ತಾನೆ. ನಿಜದಲ್ಲಿ ಶಿಷ್ಯ ಮೊದಲು ಹೋದ, ಮೇಷ್ಟ್ರು ಹಿಂದೆಯೇ ಹೋದರು. ಎರಡೂ ತಾರೀಕು ನಿಮ್ಮ ಎಂಟನೇ ಪುಟದಲ್ಲೇ ಇವೆ. ಪಕ್ಕಪಕ್ಕ ಇಟ್ಟು ನೋಡುವುದಕ್ಕೆ ನಿಮಗೆ ಪುರುಸೊತ್ತಾಗಲಿಲ್ಲ, ಧ್ರುವತಾರೆ ಹೊಳೆಯುತ್ತಿತ್ತಲ್ಲ.

ಎರಡನೇ ವಾಕ್ಯ: "ಅವರು ಎಂದೂ ನಟಿಸಲಿಲ್ಲ, ಪಾತ್ರವೇ ತಾವಾದರು."

ಇದು ನನಗೆ ನಿಜವಾಗಿ ಸಿಟ್ಟು ತರಿಸಿತು. ಅಶ್ವಥ್ 1955ರ ‘ಸ್ತ್ರೀರತ್ನ’ದಿಂದ ಶುರು ಮಾಡಿ ಮುನ್ನೂರಕ್ಕೂ ಹೆಚ್ಚು ಚಿತ್ರ ಮಾಡಿದವರು. ಅಷ್ಟು ವರ್ಷ ಕ್ಯಾಮೆರಾ ಮುಂದೆ ದುಡಿದವರನ್ನು ‘ನಟಿಸಲಿಲ್ಲ’ ಅಂದುಬಿಟ್ಟರೆ ಅವರ ಕೆಲಸವನ್ನೇ ಒರೆಸಿ ಹಾಕಿದ ಹಾಗೆ ಅಲ್ವಾ? ಅವರು ಹುಟ್ಟಿದ್ದು 1925ರಲ್ಲಿ ಅಂತ ನೀವೇ ಬರೆದಿದ್ದೀರಿ. ರಾಜಕುಮಾರ್ ಹುಟ್ಟಿದ್ದು 1929ರಲ್ಲಿ. ನಾಲ್ಕೇ ವರ್ಷ ಚಿಕ್ಕವರಿಗೆ ಇವರು ಪರದೆಯ ಮೇಲೆ ಅಪ್ಪನಾಗಿ ನಿಂತರು, ನಾವೂ ನಂಬಿದೆವು. ಚಾಮಯ್ಯ ಮೇಷ್ಟ್ರ ಪಾತ್ರ ಮಾಡುವಾಗ ಅವರಿಗೆ ನಲವತ್ತೇಳು. ನಮ್ಮ ತೋಟಗಳಲ್ಲಿ ಆ ವಯಸ್ಸಿನವರು ಮರ ಹತ್ತಿ ಮೆಣಸು ಕುಯ್ಯುತ್ತಾರೆ. ಇಲ್ಲದ ಮುಪ್ಪನ್ನು ಅಶ್ವಥ್ ದನಿಯಲ್ಲಿ, ನಡಿಗೆಯಲ್ಲಿ ತರಬೇಕಾಗಿತ್ತು. ಅದು ನಟನೆಯಲ್ಲದೆ ಮತ್ತೇನು?

ನಾನೂ ಹೀಗೇ ಬರೆಯುತ್ತಿದ್ದೆ, ಅದಕ್ಕೇ ಇಷ್ಟು ಉರಿ. ನಾನು ಕೆಲಸ ಕಲಿತದ್ದು ಮಡಿಕೇರಿಯ ಒಂದು ಸಣ್ಣ ಪ್ರೆಸ್ಸಿನಲ್ಲಿ, ಒಂದೊಂದೇ ಅಕ್ಷರದ ಅಚ್ಚುಮೊಳೆ ಜೋಡಿಸುವ ಕಾಲದಲ್ಲಿ. ನನ್ನ ಮೊದಲ ಲೇಖನ ಒಬ್ಬ ನಿವೃತ್ತ ಸೈನಿಕರ ಬಗ್ಗೆ. ಅಪೂರ್ವ ಧೈರ್ಯ, ಅಭೂತಪೂರ್ವ ಶೌರ್ಯ, ಆದರ್ಶ ಯೋಧ, ಯುವಕರಿಗೆ ಮಾರ್ಗದರ್ಶಿ, ಹೀಗೆ ನಾಲ್ಕು ಕಾಲಂ ತುಂಬಿಸಿದ್ದೆ. ಸಂಜೆ ಹೊತ್ತಿಗೆ ಕಂಪೋಸಿಟರ್ ಕಪ್ಪು ಕೈ ಒರೆಸಿಕೊಳ್ಳುತ್ತಾ ಬಂದು ನನ್ನ ಮೇಜಿನ ಮುಂದೆ ನಿಂತರು.

"ಸ್ವಾಮಿ, ಅರ್ಕಾವತ್ತು ಮುಗೀತು. ಇನ್ನೂ ಧೈರ್ಯ ಬೇಕಾದ್ರೆ ಬೆಂಗಳೂರಿಂದ ತರಿಸ್ಬೇಕು."

ಹೊರಗೆ ಮಳೆ, ಕರೆಂಟಿಲ್ಲ, ಬೆಳಿಗ್ಗೆ ಬಸ್ಸಿಗೆ ಪೇಪರ್ ಹಾಕಬೇಕು. ಸೀಮೆಎಣ್ಣೆ ದೀಪದ ಮುಂದೆ ಕೂತು ಅರ್ಕಾವತ್ತು ಇರುವ ಮಾತುಗಳನ್ನೆಲ್ಲ ಹುಡುಕಿ ಹುಡುಕಿ ಹೊಡೆದು ಹಾಕಿದೆ. ನೋಡಿದರೆ, ಹೊಗಳಿದ ಸಾಲುಗಳಲ್ಲೇ ಅರ್ಕಾವತ್ತು ಜಾಸ್ತಿ ಇತ್ತು. ನಾಲ್ಕು ಕಾಲಂ ಒಂದಾಯಿತು. ಅದರಲ್ಲಿ ಉಳಿದಿದ್ದ ಒಂದು ಸಂಗತಿ ಏನೆಂದರೆ, ಆ ಮನುಷ್ಯ ತೋಟಕ್ಕೆ ಹೋಗುವಾಗಲೂ ದಿನಾ ಬೆಳಿಗ್ಗೆ ಬೂಟಿಗೆ ಪಾಲಿಶ್ ಹಾಕುತ್ತಿದ್ದರು, ಸಂಜೆ ಅದೇ ಬೂಟು ಕೆಸರು ಮೆತ್ತಿಕೊಂಡು ವಾಪಸ್ ಬರುತ್ತಿತ್ತು. ಆ ಸಲದ ಕಿತ್ತಳೆ ಸುಗ್ಗಿಯಲ್ಲಿ ಅವರ ಮನೆಯಿಂದ ಒಂದು ಬುಟ್ಟಿ ಹಣ್ಣು ಬಂತು. ಶೌರ್ಯದ ಮಾತು ಯಾಕಿಲ್ಲ ಅಂತ ಯಾರೂ ಕೇಳಲಿಲ್ಲ. ಈಗ ಕಂಪ್ಯೂಟರಿನಲ್ಲಿ ಅರ್ಕಾವತ್ತು ಮುಗಿಯುವುದೇ ಇಲ್ಲ. ನಿಮ್ಮ ಲೇಖನದಲ್ಲಿ ‘ಆದರ್ಶ’ ಹನ್ನೊಂದು ಸಲ ಬಂದಿದೆ, ಎಣಿಸಿದ್ದೇನೆ.

ಆ ಹನ್ನೊಂದರಲ್ಲಿ ಒಂದು ಮಾತ್ರ ನನ್ನನ್ನು ಬಿಡುತ್ತಿಲ್ಲ. "ಚಾಮಯ್ಯ ಮೇಷ್ಟ್ರು ಆದರ್ಶ ಗುರುವಿನ ಪ್ರತೀಕ" ಅಂದಿದ್ದೀರಿ. ಚಿತ್ರ ಮತ್ತೆ ನೋಡಿದ್ರಾ, ಅಥವಾ ಸುಮ್ನೆ ನೆನಪಿನಿಂದ ಬರೆದ್ರಾ? ರಾಮಾಚಾರಿಯಿಂದ ಅವನು ಪ್ರೀತಿಸಿದ ಅಲಮೇಲುವನ್ನು ಬಿಡಿಸಿದ್ದು ಯಾರು? ಇದೇ ಮೇಷ್ಟ್ರು. ಜಾತಿ, ಮನೆತನದ ಮಾನ ಅಂತ ಅವನ ಮನಸ್ಸು ಒಲಿಸಿದರು. ಅವಳ ಗತಿ ಏನಾಯಿತು ಅಂತ ನಿಮಗೆ ಗೊತ್ತಿದೆ. ಆಮೇಲೆ ಅವನು ಮೆಚ್ಚಿದ ಮಾರ್ಗರೆಟ್ ವಿಷಯದಲ್ಲೂ ಅದೇ ಬುದ್ಧಿ ಹೇಳುವುದಕ್ಕೆ ಬೆಟ್ಟ ಹತ್ತಿದರು. ಮಗನಿಲ್ಲದ ಮನುಷ್ಯ ಇನ್ನೊಬ್ಬರ ಮಗನನ್ನು ಅಷ್ಟು ಹಚ್ಚಿಕೊಂಡು, ಆ ಪ್ರೀತಿಯಿಂದಲೇ ಅವನ ಬದುಕು ಎರಡು ಸಲ ಕೆಡಿಸುತ್ತಾನೆ. ಅಶ್ವಥ್ ಮುಖದಲ್ಲಿ ಆ ಮಮತೆಯೂ ಕಾಣುತ್ತದೆ, ಆ ತಪ್ಪೂ ಕಾಣುತ್ತದೆ. ಮೇಷ್ಟ್ರ ಮೇಲೆ ಸಿಟ್ಟು ಬರುತ್ತದೆ, ಆದರೂ ಅವರು ಬಿದ್ದಾಗ ಎದೆ ಧಸಕ್ಕೆನ್ನುತ್ತದೆ. ಇದನ್ನು ‘ಆದರ್ಶ’ ಅಂತ ಮುಚ್ಚಿಬಿಟ್ಟರೆ ಅವರು ಮಾಡಿದ ಕೆಲಸದ ಅರ್ಧ ಯಾರಿಗೂ ಕಾಣುವುದಿಲ್ಲ.

ನಾರದನ ವೇಷಗಳ ಬಗ್ಗೆ, ಪ್ರಶಸ್ತಿಗಳ ಬಗ್ಗೆ ನೀವು ಬರೆದ ಪುಟಗಳಿಗೆ ನಾನು ಕೈ ಹಾಕಿಲ್ಲ. ಇರಲಿ.

ಏಳನೇ ಪುಟದ ಕೆಳಗೆ, ಬ್ರಾಕೆಟ್ಟಿನಲ್ಲಿ, ಒಂದು ಸಾಲು ಇದೆ: "ನಮ್ಮ ಅಜ್ಜನೂ ಪ್ರೈಮರಿ ಶಾಲೆ ಮೇಷ್ಟ್ರು, ನಾಗರಹಾವು ನೋಡಿ ಬಂದ ಮಾರನೇ ದಿನ ಬೆತ್ತ ಮನೆಯಲ್ಲೇ ಬಿಟ್ಟು ಶಾಲೆಗೆ ಹೋದರಂತೆ, ಮೂರು ದಿನ ಆದ ಮೇಲೆ ಮತ್ತೆ ತೆಗೆದುಕೊಂಡು ಹೋದರಂತೆ." ಇದನ್ನು ಓದಿ ನಾನು ಕುರ್ಚಿಯಿಂದ ಎದ್ದು ಒಂದು ಸುತ್ತು ಹಾಕಿ ಬಂದೆ. ಇಂಥದ್ದನ್ನು ಬ್ರಾಕೆಟ್ಟಿನಲ್ಲಿ ಹಾಕುತ್ತಾರಾ? ಯಾವ ಟಾಕೀಸು, ಎಷ್ಟು ದೂರ ನಡೆದರು, ಬೆತ್ತ ಎಲ್ಲಿಟ್ಟಿದ್ದರು, ನಾಲ್ಕನೇ ದಿನ ಕ್ಲಾಸಿನಲ್ಲಿ ಏನಾಯಿತು? ಅಜ್ಜಿ ಇದ್ದಾರೆ ಅಂತ ಬರೆದಿದ್ದೀರಿ. ಇವತ್ತೇ ಹೋಗಿ ಕೇಳಿ.

ಲೇಖನ ಅಂಚೆಯಲ್ಲಿ ವಾಪಸ್ ಕಳಿಸಿದ್ದೇನೆ. ಒಂಬತ್ತು ಪುಟ ಬೇಡ, ಮೂರು ಸಾಕು. ಬೆತ್ತದಿಂದ ಶುರು ಮಾಡಿ. ಆಗಸ್ಟ್ 15ರೊಳಗೆ ಬಂದರೆ ನಮ್ಮ ಕೈಲ್‌ಮುಹೂರ್ತ ಹಬ್ಬದ ಸಂಚಿಕೆಗೆ ಜಾಗ ಇಟ್ಟಿರುತ್ತೇನೆ. ಅಜ್ಜನದೊಂದು ಫೋಟೊ ಸಿಕ್ಕರೆ ಅದನ್ನೂ ಕಳಿಸಿ, ಹಾಗೇ ಲಕೋಟೆಗೆ ಹಾಕಬೇಡಿ, ಪ್ಲಾಸ್ಟಿಕ್ ಸುತ್ತಿ. ಹೋದ ವಾರ ಬಂದ ಫೋಟೊಗಳೆಲ್ಲ ಮಳೆಗೆ ಅಂಟಿಕೊಂಡಿದ್ದವು.