ಚೇಂದಮಂಗಲಂ ಸಿನಗಾಗ್‌ನಲ್ಲಿ ಈಗಲೂ ಪ್ರಾರ್ಥನೆ ಇದೆಯೇ?

ಕೇರಳದ ಚೇಂದಮಂಗಲಂನಲ್ಲಿರುವ ಸಿನಗಾಗ್‌ನಲ್ಲಿ, ಅಂದರೆ ಯೆಹೂದಿಗಳ ಪ್ರಾರ್ಥನಾ ಮಂದಿರದಲ್ಲಿ, ಈಗಲೂ ಪ್ರಾರ್ಥನೆ ನಡೆಯುತ್ತದೆಯೇ ಎಂದು ಕೇಳಿದ್ದೀರಿ. ಇಲ್ಲ. ಸಾಮೂಹಿಕ ಪ್ರಾರ್ಥನೆಗೆ ಕನಿಷ್ಠ ಹತ್ತು ಮಂದಿ ವಯಸ್ಕ ಗಂಡಸರು ಬೇಕು. 1950ರ ದಶಕದಲ್ಲಿ ಊರಿನ ಯೆಹೂದಿಗಳು ಇಸ್ರೇಲಿಗೆ ಹೊರಟುಹೋದರು. ಯಾರೂ ಓಡಿಸಿದ್ದಲ್ಲ, ತಾವಾಗಿಯೇ ಹೋದದ್ದು. ಪಾಳುಬಿದ್ದಿದ್ದ ಕಟ್ಟಡ ದುರಸ್ತಿಯಾಗಿ ಈಗ ವಸ್ತುಸಂಗ್ರಹಾಲಯವಾಗಿದೆ.

ಒಳಗೆ ಹೋದರೆ ತಲೆಯೆತ್ತಿ ಮರದ ಮಾಳಿಗೆಯನ್ನು ನೋಡಿ. ಹೆಂಗಸರು ಕೂರುತ್ತಿದ್ದ ಭಾಗದ ಮುಂದೆಯೇ, ಧರ್ಮಗ್ರಂಥ ಓದಲು ಎರಡನೆಯ ವೇದಿಕೆಯಿದೆ. ಇದು ಕೇರಳದ ಸಿನಗಾಗ್‌ಗಳದ್ದೇ ವಿಶೇಷ. ಅಂಗಳದ ಗೋರಿಕಲ್ಲನ್ನಂತೂ ನೋಡದೆ ಬರಬೇಡಿ: ಸಾರಾ ಎಂಬಾಕೆಯದು, ಹೀಬ್ರೂ ಬರಹ, ಕಾಲ 1269. ಕಟ್ಟಡಕ್ಕಿಂತ ಕಲ್ಲೇ ಹಳೆಯದು! ಪರವೂರಿನ ಸಿನಗಾಗ್ ಕೂಡ ಹತ್ತಿರದಲ್ಲೇ ಇದೆ. ಅದೂ ಈಗ ವಸ್ತುಸಂಗ್ರಹಾಲಯ. ಒಂದೇ ದಿನದಲ್ಲಿ ಎರಡನ್ನೂ ನೋಡಬಹುದು.