ಅಪ್ಪಯ್ಯನ ಕಿವಿಗೆ ಮೊಬೈಲ್ ಹಾಡು ಯಾಕೆ ಸಪ್ಪೆ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರ ತೋಟದ ಮನೆ. ಹಿಂದೆ ವರ್ಲ್ಡ್‌ಸ್ಪೇಸ್ ಉಪಗ್ರಹ ರೇಡಿಯೋ ಇತ್ತು, ಅಪ್ಪಯ್ಯ ದಿನಾ ಸಂಗೀತ ಕೇಳುತ್ತಿದ್ದರು. ಈಗ ಮೊಬೈಲ್ ಆ್ಯಪಿನಲ್ಲಿ ಹಾಕಿಕೊಟ್ಟರೆ 'ಆ ನಾದ ಇಲ್ಲ ಮಾರಾಯ' ಅನ್ನುತ್ತಾರೆ. ಉಪಗ್ರಹದ ಧ್ವನಿಯೇ ಚೆನ್ನಾಗಿರುತ್ತಾ? ಅಟ್ಟದ ಸೆಟ್ ಇಳಿಸಲಾ?

ಉತ್ತರ: ಸೆಟ್ ಅಲ್ಲೇ ಇರಲಿ. ಭಾರತದಲ್ಲಿ ಆ ಸೇವೆ 2009ರ ಡಿಸೆಂಬರ್ 31ಕ್ಕೇ ಮುಗಿಯಿತು.

ಅಪ್ಪಯ್ಯನ ಕಿವಿ ಸುಳ್ಳು ಹೇಳುತ್ತಿಲ್ಲ, ಆದರೆ ಅದು ಉಪಗ್ರಹದ ಹೆಚ್ಚುಗಾರಿಕೆ ಅಲ್ಲ. ವರ್ಲ್ಡ್‌ಸ್ಪೇಸ್ ಕೂಡ ಹಾಡನ್ನು ಎಂಪಿ3 ಥರವೇ ಹಿಂಡಿ ಕಳಿಸುತ್ತಿತ್ತು, ಒಂದು ಚಾನೆಲ್‌ಗೆ ಸೆಕೆಂಡಿಗೆ ಹೆಚ್ಚೆಂದರೆ 128 ಕಿಲೋಬಿಟ್ (ಈ ಅಂಕಿ ಕಮ್ಮಿಯಾದಷ್ಟೂ ಹಿಂಡಿದ್ದು ಜಾಸ್ತಿ). ಉಪಗ್ರಹದಲ್ಲಿ ಜಾಗ ದುಬಾರಿ, ಚಾನೆಲ್ ತುಂಬಿದಷ್ಟೂ ಒಂದೊಂದರ ಪಾಲು ಕಮ್ಮಿ. ಇಂಟರ್ನೆಟ್ಟಿನಲ್ಲಿ ಆ ಇಕ್ಕಟ್ಟಿಲ್ಲ. ದುಡ್ಡು ಕಟ್ಟಿದರೆ ಸ್ಪಾಟಿಫೈ 320 ಕಿಲೋಬಿಟ್ ಕೊಡುತ್ತದೆ, ಆಪಲ್ ಮ್ಯೂಸಿಕ್ 2021ರಿಂದ ಏನನ್ನೂ ಕತ್ತರಿಸದ ಲಾಸ್‌ಲೆಸ್ಸೇ ಕೊಡುತ್ತಿದೆ.

ಮತ್ತೆ ಮೊಬೈಲ್ ಯಾಕೆ ಸೋತಿತು ಅಂದರೆ, ಆ್ಯಪಿನ ಸೆಟ್ಟಿಂಗ್ ಸಾಮಾನ್ಯವಾಗಿ 'ಆಟೊ' ಇರುತ್ತದೆ, ಕರೆಂಟ್ ಹೋಗಿ ಒಂದೇ ಕಡ್ಡಿ ಸಿಗ್ನಲ್ ಉಳಿದಾಗ ಹಾಡು ನಿಲ್ಲಬಾರದು ಅಂತ ಅದು ಸದ್ದಿಲ್ಲದೆ ಗುಣಮಟ್ಟ ಇಳಿಸಿಬಿಡುತ್ತದೆ. ತಂಬೂರಿ ಮೇಲೆ ಕಿವಿ ಇಟ್ಟು ನೋಡಿ. ಆ ಝೇಂಕಾರ ನೀರೊಳಗಿಂದ ಬಂದ ಹಾಗೆ ಗುಳುಗುಳು ಅಂದರೆ ಇದೇ ಕಾರಣ. ಉಪಗ್ರಹದ್ದು ಹಾಗಲ್ಲ, ಬಂದರೆ ಒಂದೇ ಸಮ, ಇಲ್ಲದಿದ್ದರೆ ಪೂರ್ತಿ ಮೌನ. ಆಂಟೆನಾಗೆ ಒಂದು ಹಲಸಿನ ಮರ ಅಡ್ಡ ಬಂದರೂ ಸಾಕಿತ್ತು. ಅಂಗಳದಲ್ಲಿ ಅದನ್ನು ಪೂರ್ವಕ್ಕೆ ತಿರುಗಿಸಿ ತಿರುಗಿಸಿ ಕೈ ಸೋತವರಲ್ಲಿ ನಾನೂ ಒಬ್ಬ.

ಇನ್ನೊಂದು, ಬೆರಳಗಲದ ಮೊಬೈಲ್ ಸ್ಪೀಕರಿನಲ್ಲಿ ಮೃದಂಗದ ಎಡಗೈ ಕೇಳುತ್ತಾ? ಸುಮ್ನೆ ಆ್ಯಪನ್ನು ಬೈಯೋದು ಯಾಕೆ! ಮನೆಯಲ್ಲಿ ಆಕ್ಸ್ ತೂತಿರುವ (ಮೊಬೈಲಿನ ವೈರ್ ಚುಚ್ಚುವಂಥ) ಹಳೇ ಸ್ಪೀಕರ್ ಇದ್ದರೆ ವೈರ್ ಹಾಕಿ ಕೇಳಿಸಿ. ಬ್ಲೂಟೂತ್ ಬೇಡ, ಅದು ಹಿಂಡಿದ್ದನ್ನೇ ಮತ್ತೆ ಹಿಂಡುತ್ತದೆ. ಗುಣಮಟ್ಟದ ಸೆಟ್ಟಿಂಗನ್ನು ಎಲ್ಲಕ್ಕಿಂತ ಮೇಲಿನದಕ್ಕೆ ಹಾಕಿ, ಸ್ಪಾಟಿಫೈನಲ್ಲಿ 320 ಬೇಕಾದರೆ 'ವೆರಿ ಹೈ'ಗೆ. 320ರಲ್ಲಿ ಒಂದು ಗಂಟೆಗೆ 144 ಎಂಬಿ ಖರ್ಚು, ಹಾಗಾಗಿ ಪೇಟೆಗೆ ಹೋದಾಗ ವೈಫೈನಲ್ಲಿ ಡೌನ್‌ಲೋಡ್ ಮಾಡಿಕೊಂಡು ಬನ್ನಿ.

ಉಪಗ್ರಹವೇ ಬೇಕು ಅಂತ ಹಟ ಹಿಡಿದರೆ ಡಿಡಿ ಫ್ರೀ ಡಿಶ್‌ನಲ್ಲಿ ಆಕಾಶವಾಣಿ ಚಾನೆಲ್‌ಗಳಿವೆ, ತಿಂಗಳ ಬಾಡಿಗೆಯೂ ಇಲ್ಲ. ಆದರೆ ಅದು ಬರುವುದು ಕೆಯು ಬ್ಯಾಂಡ್ ಅನ್ನುವ ರೇಡಿಯೋ ತರಂಗದಲ್ಲಿ, ಜೋರು ಮಳೆಗೆ ಸಿಗ್ನಲ್ ಹೋಗುತ್ತದೆ. ಆಗುಂಬೆ ಕಡೆಯಿಂದ ಮಳೆ ಕವಿಯಿತು ಅಂದರೆ ಡೌನ್‌ಲೋಡ್ ಮಾಡಿಟ್ಟ ಹಾಡೇ ಗತಿ.